ಸಾಲ್ಸ್‌ಬರಿ ನಗರದ ಅಂಚೆ

ಆಂಗ್ಲದೇಶದ ದಕ್ಷಿಣ ಭಾಗದಲ್ಲಿ ವಿಲ್ಟ್‌ಷೈರ್ ಎಂಬ ಪ್ರಾಂತವುಂಟು. ಸುಣ್ಣಕಲ್ಲಿನ ಬೋಳು ದಿಣ್ಣೆಗಳು, ಅವುಗಳ ಮೇಲೆ ಮೇಯುವ ಕುರಿಮಂದೆಗಳು, ನಡುನಡುವೆ ತಿಳಿನೀರಿನ ಹೊಳೆಗಳು, ಇವು ಆ ಸೀಮೆಯ ಲಕ್ಷಣ. ಅಲ್ಲಿ ಏವನ್ ಮೊದಲಾದ ಐದು ಹೊಳೆಗಳು ಒಂದನ್ನೊಂದು ಸೇರುವ ತಗ್ಗಿನಲ್ಲಿ ಸಾಲ್ಸ್‌ಬರಿ ಎಂಬ ಸಣ್ಣ ನಗರವಿದೆ. ಕ್ರೈಸ್ತರಲ್ಲಿ ಬಿಷಪ್ ಎಂಬ ಧರ್ಮಾಧಿಕಾರಿಯ ಪೀಠವಿರುವ ದೇವಾಲಯಕ್ಕೆ ಕೆಥೀಡ್ರಲ್ ಎಂದು ಹೆಸರು. ಈ ಪೀಠವು ಮೊದಲು ಊರಿನ ಉತ್ತರಕ್ಕೆ ಓಲ್ಡ್ ಸೇರಂ ಎಂಬ ಗುಡ್ಡದ ಕೋಟೆಯೊಳಗೆ ಇದ್ದಿತು. ಗಾಳಿಯ ಕಾಟ, ನೀರಿನ ಅಭಾವ, ಕೋಟೆಯ ಸೈನಿಕರೊಡನೆ ನಿತ್ಯಕಲಹ, ಇವುಗಳಿಂದ ಬೇಸತ್ತು ರಿಚರ್ಡ್ ಪೂರ್ ಎಂಬ ಬಿಷಪ್ಪನು ೧೨೨೦ರಲ್ಲಿ ಹೊಳೆಯ ಬದಿಯ ಬಯಲಿನಲ್ಲಿ ಹೊಸ ಮಂದಿರಕ್ಕೆ ಅಸ್ತಿಭಾರವನ್ನು ಹಾಕಿಸಿದನು. ೧೨೫೮ರಲ್ಲಿ ಅದರ ಪ್ರತಿಷ್ಠೆಯಾಯಿತು. ಮುಂದಿನ ಶತಮಾನದಲ್ಲಿ ಕಟ್ಟಿದ ಅದರ ಗೋಪುರದ ಎತ್ತರ ೪೦೪ ಅಡಿ. ಬ್ರಿಟನ್ನಿನಲ್ಲಿ ಅದಕ್ಕಿಂತ ಎತ್ತರವಾದ ದೇವಾಲಯ ಗೋಪುರವಿಲ್ಲ. ನಮ್ಮಲ್ಲಿ ಮಠದ ಸುತ್ತ ಪೇಟೆ ಬೆಳೆಯುವಂತೆ ಅಲ್ಲಿಯೂ ಮಂದಿರದ ಪ್ರಾಕಾರದ ಹೊರಗೆ ಚೌಕಚೌಕವಾಗಿ ಬೀದಿಗಳು ಬೆಳೆದವು. ಊರಿನ ಒಡೆತನ ಬಹುಕಾಲ ಬಿಷಪ್ಪನದೇ ಆಗಿದ್ದಿತು.

ಇಷ್ಟು ಸಣ್ಣ ಊರಿನ ಅಂಚೆಗೆ ಹೇಳಿಕೊಳ್ಳುವಂಥ ಇತಿಹಾಸವೇನಿದ್ದೀತು ಎಂಬ ಶಂಕೆ ಸಹಜವಾದುದು. ಆದರೆ ಲಂಡನ್ ನಗರದಿಂದ ಪಶ್ಚಿಮದ ಎಕ್ಸಿಟರ್, ಪ್ಲಿಮತ್ ಪಟ್ಟಣಗಳಿಗೆ ಹೋಗುವ ರಾಜಮಾರ್ಗ ಸಾಲ್ಸ್‌ಬರಿಯ ಮೇಲೆಯೇ ಹಾದುಹೋಗುತ್ತಿತ್ತು. ಪ್ಲಿಮತ್ ನೌಕಾಪಡೆಯ ಬಂದರು. ಅರಸನ ಆಜ್ಞೆಯಾಗಲಿ, ಶತ್ರುವಿನ ಹಡಗು ಕಂಡ ಸುದ್ದಿಯಾಗಲಿ ಈ ಊರನ್ನು ದಾಟದೆ ಹೋಗುವಂತಿರಲಿಲ್ಲ. ಹೀಗಾಗಿ ಆಂಗ್ಲದೇಶದ ಅಂಚೆ ಅರಸನ ಸೊತ್ತಾಗಿ ಹುಟ್ಟಿ, ಧನಿಕರ ಅನುಕೂಲವಾಗಿ ಬೆಳೆದು, ಕಡೆಗೆ ಬಡವನ ಬಾಗಿಲನ್ನು ಮುಟ್ಟಿದ ದೀರ್ಘವಾದ ಕಥೆಯ ಒಂದೊಂದು ಘಟ್ಟವೂ ಈ ಊರಿನ ಬೀದಿಯಲ್ಲಿ ತನ್ನ ಹೆಜ್ಜೆಯನ್ನು ಉಳಿಸಿದೆ.

ಪದದ ವಿಚಾರವಾಗಿ ಒಂದು ಮಾತು. ಇಂಗ್ಲಿಷಿನ ‘ಪೋಸ್ಟ್’ ಎಂಬುದು ‘ಇರಿಸಲ್ಪಟ್ಟುದು’ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದುದು. ದಾರಿಯುದ್ದಕ್ಕೂ ಗೊತ್ತಾದ ಠಾಣೆಗಳಲ್ಲಿ ಸವಾರರನ್ನೂ ಕುದುರೆಗಳನ್ನೂ ಇರಿಸುತ್ತಿದ್ದುದರಿಂದ ಆ ಹೆಸರು. ನಮ್ಮ ‘ಅಂಚೆ’ ಎಂಬ ಪದಕ್ಕೆ ಹಳಗನ್ನಡದಲ್ಲಿ ಹಂಸವೆಂಬ ಅರ್ಥವೂ ಉಂಟು. ಅದು ಸಂಸ್ಕೃತದ ‘ಹಂಸ’ ಶಬ್ದದ ತದ್ಭವ. ನಳನ ಕಥೆಯಲ್ಲಿ ಹಂಸವು ಓಲೆಕಾರನ ಕೆಲಸ ಮಾಡಿತೆಂಬುದನ್ನು ನೆನೆದು ಎರಡನ್ನೂ ಒಂದೇ ಪದವೆಂದು ಹೇಳುವ ರಸಿಕರಿದ್ದಾರೆ. ಕೇಳಲು ಸೊಗಸಾಗಿದ್ದರೂ ಅದನ್ನು ರೂಪಸಾಮ್ಯವೆಂದಷ್ಟೇ ಎಣಿಸುವುದು ಕ್ಷೇಮ. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು ೧೭ನೆಯ ಶತಮಾನದ ಉತ್ತರಾರ್ಧದಲ್ಲಿ ಏರ್ಪಡಿಸಿದ ಅಂಚೆಯೂ ಮೊದಲು ಅರಸನ ಕಿವಿಯಾಗಿಯೇ ಕೆಲಸ ಮಾಡಿತು. ೧೮೮೯ರಲ್ಲಿ ಅದು ಭಾರತ ಸರ್ಕಾರದ ಅಂಚೆಯಲ್ಲಿ ಲೀನವಾಯಿತು. ರಾಜಕಾರ್ಯದಿಂದ ಪ್ರಜಾಕಾರ್ಯಕ್ಕೆ ಇಳಿದು ಬಂದ ಕ್ರಮ ಎರಡು ನಾಡುಗಳಲ್ಲಿಯೂ ಒಂದೇ.

ಆಂಗ್ಲದೇಶದಲ್ಲಿ ಎಂಟನೆಯ ಹೆನ್ರಿಯ ಕಾಲಕ್ಕೆ ಅಂಚೆಯ ಮೇಲ್ವಿಚಾರಣೆಗೆ ಬ್ರಯನ್ ಟ್ಯೂಕ್ ಎಂಬ ಅಧಿಕಾರಿಯಿದ್ದನು. ಮಾರ್ಗದ ಊರುಗಳಲ್ಲಿ ಸಾಮಾನ್ಯವಾಗಿ ಛತ್ರದ ಯಜಮಾನನೇ ಅಂಚೆಯ ಯಜಮಾನ. ಅರಸನ ಓಲೆ ಬಂದೊಡನೆ ಕುದುರೆಗೆ ಜೀನು ಬಿಗಿದು ಮುಂದಿನ ಠಾಣೆಗೆ ಸವಾರನನ್ನು ಅಟ್ಟತಕ್ಕದ್ದು. ಎಲಿಜಬೆತ್ ರಾಣಿಯ ಕಾಲದ ಕಟ್ಟಳೆಯಂತೆ ಬೇಸಗೆಯಲ್ಲಿ ಗಂಟೆಗೆ ೭ ಮೈಲಿ, ಚಳಿಗಾಲದಲ್ಲಿ ೫ ಮೈಲಿ ಸಾಗಬೇಕು. ದಾರಿಯಲ್ಲಿ ಕೊಂಬನ್ನು ಊದುತ್ತಿರಬೇಕು. ತೀರ ಅವಸರದ ಓಲೆಗಳ ಹೊರಮೈಮೇಲೆ ‘ತ್ವರೆಮಾಡು, ಪ್ರಾಣದಾಸೆಯಿದ್ದರೆ ತ್ವರೆಮಾಡು’ ಎಂಬರ್ಥದ ಮಾತನ್ನು ಬರೆದು, ಕೆಲವೊಮ್ಮೆ ನೇಣುಗಂಬದ ಚಿತ್ರವನ್ನೂ ಗೀಚುತ್ತಿದ್ದರು. ಸವಾರನಿಗೆ ಓದು ಬಾರದಿದ್ದರೂ ಚಿತ್ರ ತಿಳಿಯುತ್ತಿತ್ತು. ಈ ಅಂಚೆಯಲ್ಲಿ ಪ್ರಜೆಗಳ ಕಾಗದಕ್ಕೆ ಹಕ್ಕಿನ ಸ್ಥಳವಿರಲಿಲ್ಲ.

ಒಂದನೆಯ ಚಾರ್ಲ್ಸ್ ದೊರೆ ೧೬೩೫ರ ಜುಲೈ ೩೧ರಂದು ಹೊರಡಿಸಿದ ಘೋಷಣೆಯಿಂದ ಅಂಚೆ ಸಾರ್ವಜನಿಕರಿಗೆ ತೆರೆಯಿತು. ಥಾಮಸ್ ವಿದರಿಂಗ್ಸ್ ಎಂಬವನು ಅದರ ಸೂತ್ರಧಾರ. ಲಂಡನ್ನಿನಿಂದ ಹೊರಡುವ ಪ್ರಧಾನ ಮಾರ್ಗಗಳಲ್ಲಿ ಪ್ಲಿಮತ್ ಮಾರ್ಗವೂ ಒಂದು. ಆದ್ದರಿಂದ ಸಾಲ್ಸ್‌ಬರಿಯ ವರ್ತಕನೂ ಪಾದ್ರಿಯೂ ಹಣ ಕೊಟ್ಟು ಕಾಗದ ಕಳುಹಿಸುವ ಸೌಕರ್ಯ ಮೊದಲ ದಿನಗಳಲ್ಲಿಯೇ ಒದಗಿತು. ೮೦ ಮೈಲಿಯೊಳಗೆ ಒಂದು ಹಾಳೆಗೆ ೨ ಪೆನ್ನಿ, ೧೪೦ ಮೈಲಿಯವರೆಗೆ ೪ ಪೆನ್ನಿ, ಅದಕ್ಕೆ ಮೇಲ್ಪಟ್ಟು ೬ ಪೆನ್ನಿ ಎಂಬುದು ಮೊದಲ ದರ. ೧೨ ಪೆನ್ನಿಗೆ ಒಂದು ಷಿಲ್ಲಿಂಗು, ೨೦ ಷಿಲ್ಲಿಂಗಿಗೆ ಒಂದು ಪೌಂಡು ಎಂಬುದು ಅಂದಿನ ಲೆಕ್ಕ.

ಇದರಲ್ಲಿ ಒಂದು ವಿಚಿತ್ರವಾದ ಕೊರತೆಯಿದ್ದಿತು. ಮಾರ್ಗಗಳೆಲ್ಲ ಚಕ್ರದ ಅರೆಕಾಲುಗಳಂತೆ ಲಂಡನ್ನಿನಿಂದ ಹೊರಟು ಹರಡಿದ್ದವೇ ಹೊರತು ಒಂದಕ್ಕೊಂದು ಅಡ್ಡ ದಾರಿಗಳಿರಲಿಲ್ಲ. ಬೇರೊಂದು ಮಾರ್ಗದ ಮೇಲಿದ್ದ ಬಾತ್ ಊರಿಗೆ ಸಾಲ್ಸ್‌ಬರಿಯಿಂದ ಕಾಗದ ಹೋಗಬೇಕಾದರೆ, ಊರು ಒಂದು ದಿನದ ಸವಾರಿಯಷ್ಟು ಹತ್ತಿರವಿದ್ದರೂ, ಮೊದಲು ಲಂಡನ್ನಿಗೆ ಹೋಗಿ ಅಲ್ಲಿಂದ ಹಿಂದಿರುಗಿ ಬರಬೇಕು. ೧೬೯೬ರಲ್ಲಿ ಎಕ್ಸಿಟರಿಗೂ ಬ್ರಿಸ್ಟಲಿಗೂ ನಡುವೆ ಮೊದಲ ಅಡ್ಡ ಅಂಚೆ ಏರ್ಪಟ್ಟಿತು. ಈ ಕೆಲಸವನ್ನು ವಿಸ್ತರಿಸಿದವನು ಬಾತ್ ಊರಿನ ಅಂಚೆಯ ಯಜಮಾನ ರಾಲ್ಫ್ ಆಲೆನ್. ೧೭೨೦ರಲ್ಲಿ ಆತನು ವರ್ಷಕ್ಕೆ ೬೦೦೦ ಪೌಂಡು ಕೊಡುವ ಕರಾರಿನ ಮೇಲೆ ದೇಶದ ಅಡ್ಡ ಅಂಚೆಗಳನ್ನು ಗುತ್ತಿಗೆ ಹಿಡಿದು, ೧೭೬೪ರಲ್ಲಿ ಸಾಯುವವರೆಗೂ ನಡೆಸಿದನು. ಲಂಡನ್ನನ್ನು ಮುಟ್ಟದೆ ಊರಿನಿಂದ ಊರಿಗೆ ಹೋಗುವ ಕಾಗದಗಳ ಲೆಕ್ಕ ಮೇಲಿನವರಿಗೆ ತಿಳಿಯುತ್ತಿರಲಿಲ್ಲವಾಗಿ, ಠಾಣೆಯ ಯಜಮಾನರು ಆ ಹಣವನ್ನು ಸದ್ದಿಲ್ಲದೆ ನುಂಗುತ್ತಿದ್ದರು. ಆಲೆನ್ ಸಂಚಾರಿ ತನಿಖೆಗಾರರನ್ನು ನೇಮಿಸಿ, ಒಂದು ಠಾಣೆಯ ಲೆಕ್ಕವನ್ನು ಮತ್ತೊಂದರ ಲೆಕ್ಕದೊಡನೆ ತಾಳೆನೋಡುವ ಪದ್ಧತಿ ತಂದು ಈ ಚಾಳಿಯನ್ನು ಅಡಗಿಸಿದನು. ಅದರಿಂದ ಆತನೂ ಸಿರಿವಂತನಾದನು, ಅಂಚೆಯೂ ಬೆಳೆಯಿತು.

ಆದರೂ ಅಂಚೆಯ ಚೀಲ ಹೊತ್ತು ಓಡುತ್ತಿದ್ದವನು ಒಂಟಿ ಸವಾರ. ದಿಣ್ಣೆಗಳ ನಿರ್ಜನ ದಾರಿಯಲ್ಲಿ ದರೋಡೆಗೆ ಅವನು ಸುಲಭವಾದ ತುತ್ತು. ಬಾತ್ ಊರಿನವನೇ ಆದ ಜಾನ್ ಪಾಮರ್, ನಾಟಕಶಾಲೆಗಳ ಒಡೆಯ, ಅಂಚೆಯನ್ನು ನಾಲ್ಕು ಕುದುರೆಗಳ ಸಾರೋಟಿನಲ್ಲಿ ಕಾವಲಿನವನೊಡನೆ ಕಳುಹಿಸಬೇಕೆಂದು ಸೂಚಿಸಿದನು. ಅಧಿಕಾರಿಗಳು ಆಗದ ಮಾತೆಂದರು. ೧೭೮೪ರ ಆಗಸ್ಟ್ ೨ರಂದು ಬ್ರಿಸ್ಟಲಿನಿಂದ ಸಂಜೆ ನಾಲ್ಕಕ್ಕೆ ಹೊರಟ ಸಾರೋಟು ಮರುದಿನ ಬೆಳಗ್ಗೆ ಎಂಟಕ್ಕೆ ಲಂಡನ್ನನ್ನು ಮುಟ್ಟಿದ ಮೇಲೆ ಆ ಮಾತು ನಿಂತಿತು. ಮರುವರ್ಷವೇ ಎಕ್ಸಿಟರಿಗೂ ಅಂಚೆ ಸಾರೋಟು ಏರ್ಪಟ್ಟಿತು. ಕೆಂಪು ಅಂಗಿ ತೊಟ್ಟ ಕಾವಲುಗಾರನ ಬಳಿ ಅಗಲಬಾಯಿಯ ಬಂದೂಕು, ಎರಡು ಪಿಸ್ತೂಲು, ಬೀಗಹಾಕಿದ ಪೆಟ್ಟಿಗೆಯಲ್ಲಿ ಗಡಿಯಾರ. ಅವನ ಕೊಂಬಿನ ಧ್ವನಿ ಕೇಳಿದೊಡನೆ ಸುಂಕದ ಕಟ್ಟೆಯವನು ಗೇಟನ್ನು ತೆರೆದು ನಿಲ್ಲಬೇಕು; ಅಂಚೆಯ ಸಾರೋಟಿಗೆ ಸುಂಕವಿಲ್ಲ. ರಾತ್ರಿ ಎಂಟಕ್ಕೆ ಲಂಡನ್ನನ್ನು ಬಿಟ್ಟ ಕಾಗದಗಳು ಮರುದಿನ ನಸುಕಿನ ವೇಳೆಗೆ ಸಾಲ್ಸ್‌ಬರಿಗೆ ಬರುವಂತಾಯಿತು.

ಈ ಸಾರೋಟಿನ ಕಾಲದ ಒಂದು ಸಂಗತಿಯನ್ನು ಮಕ್ಕಳು ಖಂಡಿತವಾಗಿ ಓದತಕ್ಕದ್ದು. ೧೮೧೬ರ ಅಕ್ಟೋಬರ್ ೨೦, ಭಾನುವಾರ ರಾತ್ರಿ. ಎಕ್ಸಿಟರಿನಿಂದ ಲಂಡನ್ನಿಗೆ ಹೊರಟ ಅಂಚೆಯ ಸಾರೋಟು ಸಾಲ್ಸ್‌ಬರಿಯನ್ನು ದಾಟಿ ಏಳು ಮೈಲಿ ದೂರದ ವಿಂಟರ್ಸ್‌ಲೋ ಛತ್ರದ ಬಳಿ ನಿಲ್ಲುವಷ್ಟರಲ್ಲಿ, ಕತ್ತಲಲ್ಲಿ ದೊಡ್ಡ ಕರುವಿನಂತೆ ಕಾಣುತ್ತ ಪಕ್ಕದಲ್ಲಿ ಬರುತ್ತಿದ್ದ ಪ್ರಾಣಿಯೊಂದು ಮುಂದಿನ ಕುದುರೆಯ ಮೇಲೆ ಹಾರಿ ಕತ್ತನ್ನು ಹಿಡಿಯಿತು. ಅದು ಹೆಣ್ಣು ಸಿಂಹ. ಸಾಲ್ಸ್‌ಬರಿಯ ಜಾತ್ರೆಗೆ ಹೋಗುತ್ತಿದ್ದ ಮೃಗಪ್ರದರ್ಶನದವರ ಬಂಡಿಯಿಂದ ತಪ್ಪಿಸಿಕೊಂಡು ಬಂದದ್ದು. ಪ್ರಯಾಣಿಕರು ಛತ್ರದೊಳಕ್ಕೆ ನುಗ್ಗಿ ಬಾಗಿಲು ಭದ್ರಪಡಿಸಿಕೊಂಡರು. ಕಾವಲುಗಾರನು ಬಂದೂಕನ್ನು ಎತ್ತಿದನು. ಆದರೆ ಮೃಗದ ಒಡೆಯನು ತನ್ನ ಐನೂರು ಪೌಂಡಿನ ಸೊತ್ತನ್ನು ಕೊಲ್ಲಬೇಡಿರೆಂದು ಅಂಗಲಾಚಿ ತಡೆದನೆಂದು ಹೇಳುತ್ತಾರೆ. ಅವನ ನಾಯಿಯೊಂದು ಮೇಲೆ ಬೀಳಲು, ಸಿಂಹವು ಕುದುರೆಯನ್ನು ಬಿಟ್ಟು ನಾಯಿಯನ್ನು ಹಿಡಿದು, ಕಲ್ಲುಗಂಬಗಳ ಮೇಲೆ ನಿಲ್ಲಿಸಿದ್ದ ಧಾನ್ಯದ ಕಣಜದ ಕೆಳಕ್ಕೆ ಎಳೆದುಕೊಂಡು ಹೋಯಿತು. ಒಡೆಯನೂ ಆಳುಗಳೂ ಅಲ್ಲಿಗೆ ತೆವಳಿಕೊಂಡು ಹೋಗಿ ಅದನ್ನು ಕಟ್ಟಿ ಹೊರತಂದರು. ಗಾಯಗೊಂಡ ಕುದುರೆ ಬದುಕಿತು. ಅದನ್ನೂ ಜಾತ್ರೆಯಲ್ಲಿ ಕಾಸಿಗೆ ತೋರಿಸಿದರಂತೆ. ಇದೆಲ್ಲದರ ನಡುವೆ ಅಂಚೆಗೆ ಆದ ವಿಳಂಬ ಸುಮಾರು ಮುಕ್ಕಾಲು ಗಂಟೆ. ಮುಂದೆ ಪ್ರಬಂಧಕಾರ ವಿಲಿಯಂ ಹ್ಯಾಜ್ಲಿಟ್ ಇದೇ ಛತ್ರದಲ್ಲಿ ಆಗಾಗ ತಂಗಿ ಬರೆಯುತ್ತಿದ್ದನು. ಅವನ ಕಡೆಯ ಬರಹಗಳಲ್ಲಿ ಒಂದು ಅಂಚೆಯವನ ಗಂಟೆಯ ಧ್ವನಿಯನ್ನು ಕುರಿತದ್ದು.

ಸಾರೋಟಿನ ಶೋಭೆ ಹೀಗಿದ್ದರೂ ಕಾಗದದ ಬೆಲೆ ಸಾಮಾನ್ಯನ ಕೈಗೆ ಎಟುಕುತ್ತಿರಲಿಲ್ಲ. ಯುದ್ಧಗಳ ಖರ್ಚಿಗಾಗಿ ಅಂಚೆಯ ದರವನ್ನು ಮೇಲಿಂದ ಮೇಲೆ ಏರಿಸಿದರು. ೧೮೧೨ರ ದರಪಟ್ಟಿಯಂತೆ ೮೦ರಿಂದ ೧೨೦ ಮೈಲಿಯ ದೂರಕ್ಕೆ ಒಂದು ಹಾಳೆಗೆ ೯ ಪೆನ್ನಿ. ಲಂಡನ್ನಿನಿಂದ ಸಾಲ್ಸ್‌ಬರಿಗೆ ಎಂಬತ್ತು ಮೈಲಿಗೆ ತುಸು ಮಾತ್ರ ಹೆಚ್ಚು. ಆ ತುಸುವಿನಿಂದಲೇ ೮ ಪೆನ್ನಿ ಹೋಗಿ ೯ ಪೆನ್ನಿಯಾಯಿತು. ಎರಡು ಹಾಳೆಯಾದರೆ ಅದರ ಇಮ್ಮಡಿ. ಲಕೋಟೆಯೂ ಒಂದು ಹಾಳೆಯೆಂದೇ ಲೆಕ್ಕವಾದ ಕಾರಣ ಅದನ್ನು ಬಳಸದೆ, ಬರೆದ ಹಾಳೆಯನ್ನೇ ಮಡಿಸಿ ಅರಗಿನ ಮುದ್ರೆ ಒತ್ತುತ್ತಿದ್ದರು. ಹಾಳೆ ತುಂಬಿದ ಮೇಲೆ ಅದನ್ನು ಅಡ್ಡಲಾಗಿ ತಿರುಗಿಸಿ ಬರೆದ ಸಾಲುಗಳ ಮೇಲೆಯೇ ಮತ್ತೆ ಬರೆಯುವ ರೂಢಿಯೂ ಇತ್ತು. ಹಣವನ್ನು ಸಾಮಾನ್ಯವಾಗಿ ಕೊಡತಕ್ಕವನು ಕಾಗದ ಪಡೆಯುವವನು. ೧೮೩೦ರ ದಶಕದಲ್ಲಿ ವಿಲ್ಟ್‌ಷೈರಿನ ಹೊಲದ ಕೂಲಿಯವನಿಗೆ ವಾರಕ್ಕೆ ಏಳೆಂಟು ಷಿಲ್ಲಿಂಗು ಸಿಕ್ಕುತ್ತಿತ್ತು. ಲಂಡನ್ನಿನಲ್ಲಿ ಮನೆಗೆಲಸಕ್ಕಿದ್ದ ಮಗಳು ತಾಯಿಗೊಂದು ಕಾಗದ ಬರೆದರೆ ಅದನ್ನು ಬಿಡಿಸಿಕೊಳ್ಳಲು ವಾರದ ಕೂಲಿಯ ಹತ್ತರಲ್ಲೊಂದು ಪಾಲು ಹೋಗಬೇಕು. ಕಾಗದ ಬಾಗಿಲಿಗೆ ಬಂದಿತೆಂದರೆ ಬಡವರ ಮನೆಯಲ್ಲಿ ಸಂತೋಷಕ್ಕಿಂತ ಸಂಕಟವೇ ಮುಂದಾಗುತ್ತಿತ್ತು. ಹೊರಮೈಮೇಲೆ ಗುಟ್ಟಾದ ಗುರುತು ಮಾಡಿ ಕಳುಹಿಸುವುದು, ಪಡೆಯುವವರು ಅದನ್ನು ನೋಡಿ ಕ್ಷೇಮವೆಂದು ತಿಳಿದು ಕಾಗದವನ್ನು ನಿರಾಕರಿಸುವುದು, ಇಂಥ ಉಪಾಯಗಳಿಗೆ ಜನ ಶರಣಾಗಿದ್ದರೆ ಅವರನ್ನು ವಂಚಕರೆನ್ನುವುದು ನ್ಯಾಯವಾಗದು.

ಇದೇ ಕಾಲದಲ್ಲಿ ಅದೇ ಊರಿನ ಪ್ರಾಕಾರದೊಳಗೆ ಕಾಗದಗಳು ಪುಕ್ಕಟೆಯಾಗಿ ಹೋಗುತ್ತಿದ್ದವು. ಪಾರ್ಲಿಮೆಂಟಿನ ಎರಡು ಸಭೆಗಳ ಸದಸ್ಯರಿಗೂ ಅಂಚೆಯ ಹಣ ಮಾಫಿ. ಸಾಲ್ಸ್‌ಬರಿಯ ಬಿಷಪ್ಪನು ಪ್ರಭುಸಭೆಯ ಸದಸ್ಯನಾದುದರಿಂದ ಅವನಿಗೂ ಆ ಹಕ್ಕು ಇತ್ತು. ವಿಳಾಸವನ್ನೂ ದಿನಾಂಕವನ್ನೂ ಸ್ವಹಸ್ತದಿಂದ ಬರೆದು ಮೂಲೆಯಲ್ಲಿ ಸಹಿಹಾಕಿದರೆ ಸಾಕು. ದಿನಕ್ಕೆ ಹತ್ತು ಕಾಗದ ಕಳುಹಿಸಬಹುದು, ಹದಿನೈದು ಪಡೆಯಬಹುದು. ಆ ಬಿಷಪ್ಪರು ಊರಿನ ಹೆಸರಿನ ಬದಲು ಪೀಠದ ಪುರಾತನ ನಾಮವಾದ ‘ಸೇರಂ’ ಎಂದು ಸಹಿ ಮಾಡುವ ಸಂಪ್ರದಾಯವುಂಟು. ಗುಡ್ಡದ ಮೇಲಿನ ಹಳೆಯ ಊರು ಹಾಳಾದರೂ ಅದರ ಹೆಸರು ಸಹಿಯಲ್ಲಿ ಉಳಿದಿದೆ. ೧೮೦೭ರಿಂದ ೧೮೨೫ರವರೆಗೆ ಪೀಠದಲ್ಲಿದ್ದ ಜಾನ್ ಫಿಷರ್ ಎಂಬ ಬಿಷಪ್ಪನು ಚಿತ್ರಕಾರ ಜಾನ್ ಕಾನ್‌ಸ್ಟಬಲ್ಲನ ಆಶ್ರಯದಾತ. ಆ ಬಿಷಪ್ಪನ ಸಂಬಂಧಿಯೂ ಅದೇ ಹೆಸರಿನವನೂ ಆದ ಕಿರಿಯ ಪಾದ್ರಿ ಪ್ರಾಕಾರದೊಳಗಿನ ಮನೆಯೊಂದರಲ್ಲಿದ್ದು, ಲಂಡನ್ನಿನಲ್ಲಿದ್ದ ಕಾನ್‌ಸ್ಟಬಲ್ಲನೊಡನೆ ವರ್ಷಗಳ ಕಾಲ ಪತ್ರವ್ಯವಹಾರ ನಡೆಸಿದನು. ಆ ಪತ್ರಗಳು ಇಂದು ಚಿತ್ರಕಲೆಯ ಇತಿಹಾಸಕಾರರಿಗೆ ನಿಧಿಯಾಗಿವೆ. ಅದೇ ಕಾಲದ ಕೂಲಿಯವನು ತನ್ನ ಮಕ್ಕಳಿಗೆ ಬರೆಯಬೇಕೆಂದುಕೊಂಡದ್ದು ಅವನ ಮನಸ್ಸಿನಲ್ಲಿಯೇ ಉಳಿಯಿತು.

೧೮೩೭ರಲ್ಲಿ ರೋಲಂಡ್ ಹಿಲ್ ಎಂಬ ಉಪಾಧ್ಯಾಯವೃತ್ತಿಯ ಕುಲದವನು ಅಂಚೆಯ ಸುಧಾರಣೆಯನ್ನು ಕುರಿತು ಒಂದು ಕಿರುಹೊತ್ತಗೆಯನ್ನು ಬರೆದನು. ಕಾಗದವನ್ನು ಊರಿಂದೂರಿಗೆ ಸಾಗಿಸುವ ಖರ್ಚು ಅತ್ಯಲ್ಪ. ದೂರ ಅಳೆಯುವುದು, ಹಾಳೆ ಎಣಿಸುವುದು, ಮನೆಮನೆಯಲ್ಲಿ ಹಣ ವಸೂಲು ಮಾಡುವುದು, ಇವುಗಳಲ್ಲಿಯೇ ಶ್ರಮವೆಲ್ಲ ವ್ಯಯವಾಗುತ್ತಿದೆ ಎಂದು ಲೆಕ್ಕಹಾಕಿ ತೋರಿಸಿದನು. ದೂರವೆಷ್ಟೇ ಇರಲಿ, ಅರ್ಧ ಔನ್ಸಿನ ಕಾಗದಕ್ಕೆ ಒಂದು ಪೆನ್ನಿ; ಅದನ್ನು ಕಳುಹಿಸುವವನೇ ಮುಂಗಡವಾಗಿ ಕೊಡಬೇಕು. ೧೮೪೦ರ ಜನವರಿ ೧೦ರಂದು ಈ ಪದ್ಧತಿ ಜಾರಿಗೆ ಬಂದಿತು. ಅಂದೇ ಪಾರ್ಲಿಮೆಂಟಿನವರ ಪುಕ್ಕಟೆ ಹಕ್ಕೂ ರದ್ದಾಯಿತು. ರಾಣಿಯೂ ತನ್ನ ಹಕ್ಕನ್ನು ಬಿಟ್ಟುಕೊಟ್ಟಳು. ‘ಸೇರಂ’ ಎಂಬ ಸಹಿಗೆ ಅಂಚೆಯವನ ಮುಂದೆ ಬೆಲೆಯಿಲ್ಲದಂತಾಗಿ, ಬಿಷಪ್ಪನ ಕಾಗದಕ್ಕೂ ದನಗಾಹಿಯ ಕಾಗದಕ್ಕೂ ಒಂದೇ ಪೆನ್ನಿಯ ಸುಂಕವಾಯಿತು. ಮೇ ೬ರಿಂದ ಕರಿಯ ಬಣ್ಣದ ಅಂಚೆಚೀಟಿ ಬಳಕೆಗೆ ಬಂದಿತು. ಜಗತ್ತಿನ ಮೊದಲ ಅಂಟಿಸುವ ಅಂಚೆಚೀಟಿ ಅದೇ. ೧೮೩೯ರಲ್ಲಿ ಸುಮಾರು ೭ ಕೋಟಿ ೬೦ ಲಕ್ಷವಿದ್ದ ದೇಶದ ಕಾಗದಗಳು ಒಂದೇ ವರ್ಷದಲ್ಲಿ ಸುಮಾರು ೧೬ ಕೋಟಿ ೯೦ ಲಕ್ಷಕ್ಕೆ ಏರಿದವು. ೧೮೫೪ರಲ್ಲಿ ಭಾರತದಲ್ಲಿಯೂ ದೂರವನ್ನೆಣಿಸದೆ ಕಾಗದಕ್ಕೆ ಅರ್ಧ ಆಣೆಯ ದರ ಬಂದುದು ಈ ತತ್ತ್ವದ ಫಲವೇ.

ಕಾಗದ ಅಗ್ಗವಾದ ಆ ದಶಕದಲ್ಲಿಯೇ ಸಾಲ್ಸ್‌ಬರಿಯ ರಾಜಮಾರ್ಗಕ್ಕೆ ಗ್ರಹಣ ಹಿಡಿಯಿತು. ೧೮೪೪ರಲ್ಲಿ ರೈಲುದಾರಿ ಬ್ರಿಸ್ಟಲ್ ಮೂಲಕ ಎಕ್ಸಿಟರನ್ನು ಮುಟ್ಟಿತು. ಪಶ್ಚಿಮದ ಕಾಗದಗಳಿಗೆ ಸಾಲ್ಸ್‌ಬರಿ ದಾರಿಯೂರಾಗಿ ಉಳಿಯಲಿಲ್ಲ. ಊರಿಗೆ ೧೮೪೭ರಲ್ಲಿ ಬಂದದ್ದು ಒಂದು ಕವಲುದಾರಿ ಮಾತ್ರ. ಲಂಡನ್ನಿನಿಂದ ನೇರವಾದ ರೈಲು ೧೮೫೭ರಲ್ಲಿ ಬಂದು, ೧೮೬೦ರಲ್ಲಿ ಎಕ್ಸಿಟರಿನವರೆಗೆ ಮುಂದುವರಿಯಿತು. ಈ ನಡುವಿನ ವರ್ಷಗಳಲ್ಲಿ ಸಾರೋಟುಗಳು ನಿಂತುಹೋಗಿ ಊರು ಮಲಗಿದಂತಿದ್ದಿತು.

ಆ ಮಲಗಿದ ಊರಿಗೆ ೧೮೫೨ರಲ್ಲಿ ಅಂಚೆಯ ಅಧಿಕಾರಿಯೊಬ್ಬನು ಕುದುರೆಯೇರಿ ಬಂದನು. ಅವನೇ ಆಂಥೊನಿ ಟ್ರಾಲಪ್. ಪೆನ್ನಿಯ ದರವು ಕಾಗದವನ್ನು ಪಟ್ಟಣದ ಅಂಚೆಮನೆಯವರೆಗೆ ತರುತ್ತಿತ್ತೇ ವಿನಾ ಹಳ್ಳಿಯ ಗುಡಿಸಲಿನವರೆಗೆ ಅಲ್ಲ. ಅಲ್ಲಿಂದ ಮುಂದಕ್ಕೆ ಹಳ್ಳಿಯವನೇ ಬಂದು ಒಯ್ಯಬೇಕು, ಇಲ್ಲವೆ ಯಾರಿಗಾದರೂ ಮೇಲುಹಣ ಕೊಡಬೇಕು. ಹಳ್ಳಿಹಳ್ಳಿಗೂ ಕಾಗದ ಹಂಚುವ ದಾರಿಗಳನ್ನು ಗೊತ್ತುಮಾಡಲು ಟ್ರಾಲಪ್ಪನನ್ನು ೧೮೫೧ರಲ್ಲಿ ಪಶ್ಚಿಮ ಪ್ರಾಂತಗಳಿಗೆ ಕಳುಹಿಸಿದ್ದರು. ಪತ್ರವಾಹಕನು ದಿನಕ್ಕೆ ಹದಿನಾರು ಮೈಲಿಗೆ ಮೇಲೆ ನಡೆಯಕೂಡದೆಂದು ಕಟ್ಟಳೆ. ಆ ಹದಿನಾರು ಮೈಲಿಯೊಳಗೆ ಆದಷ್ಟು ಹಳ್ಳಿಗಳನ್ನು ಪೋಣಿಸುವುದು ಈತನ ಕೆಲಸ. ಅದಕ್ಕಾಗಿ ತಾನು ದಿನಕ್ಕೆ ನಲವತ್ತು ಮೈಲಿ ಸವಾರಿ ಮಾಡುತ್ತ, ಅಡ್ಡದಾರಿಗಳನ್ನು ಸ್ವತಃ ಅಳೆಯುತ್ತ, ರೈತರ ಬಾಗಿಲಿಗೆ ಹೋಗಿ ನಿಮಗೆ ಕಾಗದ ಯಾವಾಗ ಬರುತ್ತದೆ, ಎಷ್ಟು ಕೊಡುತ್ತೀರಿ ಎಂದು ವಿಚಾರಿಸುತ್ತಿದ್ದನು. ಅದೇ ವರ್ಷದ ಬೇಸಗೆಯ ಒಂದು ಸಂಜೆ ಸಾಲ್ಸ್‌ಬರಿಯ ಮಂದಿರದ ಸುತ್ತ ಅಡ್ಡಾಡುತ್ತಿದ್ದಾಗ, ಪಾದ್ರಿಗಳ ಒಂದು ಪೀಠಸ್ಥಾನದ ಕಥೆಯನ್ನು ಬರೆಯಬೇಕೆಂಬ ಆಲೋಚನೆ ಮೂಡಿತೆಂದು ಆತನು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಹಾಗೆ ಹುಟ್ಟಿ ೧೮೫೫ರಲ್ಲಿ ಪ್ರಕಟವಾದುದು ‘ದಿ ವಾರ್ಡನ್’ ಎಂಬ ಕಾದಂಬರಿ. ಅದರಿಂದ ಬಾರ್ಸೆಟ್‌ಷೈರ್ ಎಂಬ ಕಲ್ಪಿತ ಪ್ರಾಂತದ ಕಾದಂಬರಿಗಳ ಸರಣಿಯೇ ಬೆಳೆಯಿತು. ಬೀದಿಯ ಬದಿಯಲ್ಲಿ ಕಬ್ಬಿಣದ ಅಂಚೆಪೆಟ್ಟಿಗೆ ನೆಡುವ ಕ್ರಮ ಬ್ರಿಟಿಷ್ ದ್ವೀಪಗಳಲ್ಲಿ ೧೮೫೨ರಲ್ಲಿ ಜರ್ಸಿ ದ್ವೀಪದಿಂದ ಮೊದಲಾದುದೂ ಈತನ ಸಲಹೆಯಿಂದಲೇ. ಹಳ್ಳಿಯ ಹಂಚಿಕೆ ಪೂರ್ಣವಾಗಲು ಮಾತ್ರ ಬಹುಕಾಲ ಹಿಡಿಯಿತು. ಪ್ರತಿಯೊಂದು ಮನೆಗೂ ಕಾಗದ ತಲಪಿಸುವ ಭರವಸೆ ಬಂದುದು ೧೮೯೭ರಲ್ಲಿ.

ಟ್ರಾಲಪ್ ಹೊರಗಿನಿಂದ ಬಂದವನು. ಸಾಲ್ಸ್‌ಬರಿಯ ಮಣ್ಣಿನಲ್ಲಿಯೇ ಹುಟ್ಟಿ ಇಡಿಯ ದೇಶದ ಅಂಚೆಗೆ ಒಡೆಯರಾದವರು ಹೆನ್ರಿ ಫಾಸೆಟ್. ೧೮೩೩ರಲ್ಲಿ ಜನನ, ತಂದೆ ಜವಳಿ ವ್ಯಾಪಾರಿ, ಊರಿನ ಮೇಯರ್ ಆಗಿದ್ದವರು. ಕೇಂಬ್ರಿಜ್ಜಿನಲ್ಲಿ ಗಣಿತ ಓದಿ ಕೀರ್ತಿ ಪಡೆದು, ಪಾರ್ಲಿಮೆಂಟನ್ನು ಸೇರಬೇಕೆಂಬ ಹಂಬಲವನ್ನಿಟ್ಟುಕೊಂಡಿದ್ದರು. ೧೮೫೮ರ ಸೆಪ್ಟೆಂಬರ್ ೧೭ರಂದು ಸಾಲ್ಸ್‌ಬರಿಯ ಪಕ್ಕದ ಹಾರ್ನಂ ದಿಣ್ಣೆಯ ಮೇಲೆ ತಂದೆಯೊಡನೆ ಹಕ್ಕಿಬೇಟೆಗೆ ಹೋಗಿದ್ದಾಗ, ದೃಷ್ಟಿ ಮಂದವಾಗುತ್ತಿದ್ದ ತಂದೆ ಹಾರಿಸಿದ ಗುಂಡಿನ ಚೂರುಗಳು ಮಗನ ಎರಡು ಕಣ್ಣುಗಳನ್ನೂ ಹೊಕ್ಕವು. ಆಗ ಅವರಿಗೆ ಇಪ್ಪತ್ತೈದು ವಯಸ್ಸು. ಕತ್ತಲು ಕವಿದ ಕೆಲವೇ ನಿಮಿಷಗಳಲ್ಲಿ, ಇದರಿಂದ ತನ್ನ ಜೀವನದ ಗುರಿ ಬದಲಾಗಕೂಡದೆಂದು ನಿಶ್ಚಯಿಸಿದರೆಂದು ಅವರ ಚರಿತ್ರಕಾರರು ಬರೆದಿದ್ದಾರೆ. ತಂದೆಯ ದುಃಖ ಮಗನ ದುಃಖಕ್ಕಿಂತ ದೊಡ್ಡದಾಗಿತ್ತು. ಅದನ್ನು ಹಗುರಮಾಡುವುದಕ್ಕಾಗಿಯೇ ಮಗನು ಮತ್ತಷ್ಟು ಉಲ್ಲಾ಼ಸದಿಂದಿರುತ್ತಿದ್ದರು. ಕಣ್ಣಿಲ್ಲದೆಯೂ ಕುದುರೆ ಏರಿದರು, ದೋಣಿಗೆ ಹುಟ್ಟು ಹಾಕಿದರು, ಮಂಜುಗಡ್ಡೆಯ ಮೇಲೆ ಜಾರಿದರು, ಹೊಳೆಯಲ್ಲಿ ಗಾಳ ಹಾಕಿ ಮೀನು ಹಿಡಿದರು. ೧೮೬೩ರಲ್ಲಿ ಕೇಂಬ್ರಿಜ್ಜಿನ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿ, ೧೮೬೫ರಲ್ಲಿ ಪಾರ್ಲಿಮೆಂಟಿನ ಸದಸ್ಯರಾದರು. ೧೮೬೭ರಲ್ಲಿ ಅವರ ಕೈಹಿಡಿದ ಮಿಲಿಸೆಂಟ್ ಗ್ಯಾರೆಟ್ ಮುಂದೆ ಸ್ತ್ರೀಯರ ಮತಾಧಿಕಾರದ ಹೋರಾಟದ ನಾಯಕಿಯಾದರು.

ಭಾರತೀಯರು ಈ ಅಂಧ ಸದಸ್ಯರನ್ನು ಮರೆಯುವಂತಿಲ್ಲ. ೧೮೬೭ರಲ್ಲಿ ತುರ್ಕಿಯ ಸುಲ್ತಾನನು ಲಂಡನ್ನಿಗೆ ಬಂದಾಗ ಅವನ ಗೌರವಾರ್ಥವಾಗಿ ನಡೆಸಿದ ನೃತ್ಯಕೂಟದ ಖರ್ಚನ್ನು ಭಾರತದ ಬೊಕ್ಕಸಕ್ಕೆ ಹೊರಿಸಿದರು. ಲಂಡನ್ನಿನ ಔತಣಕ್ಕೆ ಭಾರತದ ರೈತನು ಏಕೆ ತೆರಿಗೆ ತೆರಬೇಕೆಂದು ಸಭೆಯಲ್ಲಿ ಎದ್ದು ಕೇಳಿದವರು ಫಾಸೆಟ್. ಅಲ್ಲಿಂದ ಮುಂದೆ ಭಾರತದ ಆಯವ್ಯಯದ ಚರ್ಚೆ ಬಂದಾಗಲೆಲ್ಲ, ಬರಿದಾದ ಬೆಂಚುಗಳ ಮುಂದೆಯೂ, ಅಂಕಿಸಂಖ್ಯೆಗಳನ್ನು ನೆನಪಿನಿಂದಲೇ ಹೇಳುತ್ತ ಮಾತನಾಡುತ್ತಿದ್ದರು. ಅವರಿಗೆ ‘ಭಾರತದ ಸದಸ್ಯ’ ಎಂಬ ಹೆಸರೇ ಬಂದಿತು. ೧೮೭೪ರ ಚುನಾವಣೆಯಲ್ಲಿ ಬ್ರೈಟನ್ ಕ್ಷೇತ್ರದಲ್ಲಿ ಸೋತಾಗ, ಅವರ ಮುಂದಿನ ಚುನಾವಣೆಯ ವೆಚ್ಚಕ್ಕಾಗಿ ಭಾರತದಲ್ಲಿ ಚಂದಾ ಎತ್ತಿ ಕಳುಹಿಸಿದರು.

೧೮೮೦ರಲ್ಲಿ ಗ್ಲಾಡ್‌ಸ್ಟನ್ ಮಂತ್ರಿಮಂಡಲ ರಚಿಸಿದಾಗ ಫಾಸೆಟ್ಟರಿಗೆ ಅಂಚೆಯ ಮಹಾಧಿಕಾರ ದೊರೆಯಿತು. ಒಳಮಂಡಲದ ಸ್ಥಾನ ಮಾತ್ರ ದೊರೆಯಲಿಲ್ಲ. ನಾಲ್ಕೇ ವರ್ಷಗಳಲ್ಲಿ ಅವರು ಮಾಡಿದ ಕೆಲಸ ಅಲ್ಪವಾದುದಲ್ಲ. ಅಂಚೆಯ ಉಳಿತಾಯ ಬ್ಯಾಂಕು ೧೮೬೧ರಿಂದಲೇ ಇದ್ದಿತಾದರೂ ಒಮ್ಮೆಗೆ ಒಂದು ಷಿಲ್ಲಿಂಗಿಗೆ ಕಡಮೆ ಕಟ್ಟುವಂತಿರಲಿಲ್ಲ. ಕೂಲಿಯವನ ಕೈಯಲ್ಲಿ ಷಿಲ್ಲಿಂಗು ಇಡಿಯಾಗಿ ಉಳಿಯುವುದೆಲ್ಲಿ? ಫಾಸೆಟ್ಟರು ಹನ್ನೆರಡು ಮನೆಗಳುಳ್ಳ ಒಂದು ಕಾಗದವನ್ನು ಅಚ್ಚುಮಾಡಿಸಿದರು. ಕೈಗೆ ಪೆನ್ನಿ ಬಂದಾಗಲೆಲ್ಲ ಒಂದು ಅಂಚೆಚೀಟಿಯನ್ನು ಕೊಂಡು ಅಂಟಿಸುವುದು. ಹನ್ನೆರಡು ತುಂಬಿದೊಡನೆ ಅಂಚೆಮನೆಯಲ್ಲಿ ಕೊಟ್ಟರೆ ಒಂದು ಷಿಲ್ಲಿಂಗು ಲೆಕ್ಕಕ್ಕೆ ಸೇರುವುದು. ಶಾಲೆಯ ಮಕ್ಕಳೂ ಹೀಗೆ ಉಳಿತಾಯದ ಲೆಕ್ಕ ತೆರೆದರು. ೧೮೮೧ರ ಜನವರಿ ೧ರಿಂದ ಪೋಸ್ಟಲ್ ಆರ್ಡರುಗಳು ಬಂದುದರಿಂದ ಸಣ್ಣ ಮೊತ್ತವನ್ನು ಮನೆಗೆ ಕಳುಹಿಸುವುದು ಸುಲಭವಾಯಿತು. ೧೮೮೩ರ ಆಗಸ್ಟ್ ೧ರಂದು ಪಾರ್ಸೆಲ್ ಅಂಚೆ ಆರಂಭವಾಯಿತು: ಒಂದು ಪೌಂಡು ತೂಕಕ್ಕೆ ೩ ಪೆನ್ನಿ, ಏಳು ಪೌಂಡಿಗೆ ಒಂದು ಷಿಲ್ಲಿಂಗು. ಅಲ್ಲಿಯವರೆಗೆ ‘ಪತ್ರವಾಹಕ’ನೆನಿಸಿದ್ದ ನೌಕರನಿಗೆ, ಗಂಟುಗಳನ್ನೂ ಹೊರಬೇಕಾಗಿ ಬಂದುದರಿಂದ, ‘ಅಂಚೆಯವ’ ಎಂಬರ್ಥದ ‘ಪೋಸ್ಟ್‌ಮನ್’ ಎಂಬ ಹೆಸರು ಅಧಿಕೃತವಾದುದು ಆಗಲೇ. ತಂತಿಯ ಕನಿಷ್ಠ ದರವನ್ನು ಆರು ಪೆನ್ನಿಗೆ ಇಳಿಸಲು ಅವರು ಒಪ್ಪಿಗೆ ದೊರಕಿಸಿದರು. ಅದು ಜಾರಿಗೆ ಬಂದುದು ೧೮೮೫ರಲ್ಲಿ. ಹೆಂಗಸರಿಗೆ ಅಂಚೆಯ ಕಚೇರಿಗಳಲ್ಲಿ ಹೆಚ್ಚು ಕೆಲಸಗಳನ್ನು ತೆರೆದುದಲ್ಲದೆ, ಆ ಮಹಿಳಾ ನೌಕರರಿಗಾಗಿ ಒಬ್ಬ ವೈದ್ಯೆಯನ್ನೂ ನೇಮಿಸಿದರು.

ಆರು ಪೆನ್ನಿಯ ತಂತಿಯನ್ನು ನೋಡಲು ಅವರು ಉಳಿಯಲಿಲ್ಲ. ೧೮೮೪ರ ನವೆಂಬರ್ ೬ರಂದು ಕೇಂಬ್ರಿಜ್ಜಿನಲ್ಲಿ, ತಮ್ಮ ೫೧ನೆಯ ವಯಸ್ಸಿನಲ್ಲಿ ತೀರಿಕೊಂಡರು. ಮೂರು ವರ್ಷಗಳ ತರುವಾಯ, ೧೮೮೭ರಲ್ಲಿ, ಹೋಪ್ ಪಿಂಕರ್ ಎಂಬ ಶಿಲ್ಪಿ ರಚಿಸಿದ ಅವರ ಪ್ರತಿಮೆಯನ್ನು ಸಾಲ್ಸ್‌ಬರಿಯ ಸಂತೆಯ ಚೌಕದಲ್ಲಿ ನಿಲ್ಲಿಸಿದರು. ಸಂತೆಯ ದಿನ ತರಕಾರಿಯ ಅಂಗಡಿಗಳು ಇಂದಿಗೂ ಅದರ ಸುತ್ತಲೇ ನೆರೆಯುತ್ತವೆ.